ಮುಸುರಿ ಡ್ರಮ್ಮಿನಲ್ಲಿ ಸಿಕ್ಕ ಬ್ಲೇಡು

ನಾನು ಹುಟ್ಟಿ ಬೆಳೆದದ್ದು ಘೋಣಸಗಿಯ ಒಕ್ಕಲುತನದ ಮನೆಯಲ್ಲಿ. ಅಲ್ಲಿ ಕಸ ಎಂದರೆ ಅಂಗಳ ಗುಡಿಸಿದಾಗ ಬರುವ ಮಣ್ಣು, ತರಗೆಲೆ, ಅಷ್ಟೇ. ಹರಿದ ಸೀರೆ ಕೌದಿಗೆ ಹೋಗುತ್ತಿತ್ತು, ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ. ಕಾಯಿಪಲ್ಲೆಯ ಸಿಪ್ಪೆ, ಅಕ್ಕಿ ತೊಳೆದ ನೀರು, ತಂಗಳ ರೊಟ್ಟಿಯ ಚೂರು ಎಲ್ಲ ಸೇರಿ ಮುಸುರಿಯಾಗಿ ಎಮ್ಮೆಯ ಮುಂದೆ ಹೋಗುತ್ತಿದ್ದವು. ಒಮ್ಮೆ ಅದರಲ್ಲಿ ತನ್ನ ಪಿನ್ನು ಬಿದ್ದಿರಬಹುದೆಂಬ ಸಂಶಯ ಬಂದು ನಮ್ಮವ್ವ ಮುಸುರಿಯ ಬಾನಿ ಪೂರಾ ನೆಲಕ್ಕೆ ಸುರುವಿ ಕೈಯಾಡಿಸಿ ಹುಡುಕಿದ್ದಳು. ಪಿನ್ನು ಅವಳ ಸೆರಗಿನಲ್ಲೇ ಇತ್ತು.

ಮದುವೆಯಾಗಿ ವಿಜಯಪುರದ ಈ ಓಣಿಗೆ ಬಂದ ಮೇಲೂ ನನಗೆ ಕಸ ಬೇರೆ ಮಾಡುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಪ್ಲಾಸ್ಟಿಕ್ಕು, ಡಬ್ಬಿ, ರಟ್ಟು ತೊಳೆದು ಒಣಗಿಸಿ ಒಂದು ಚೀಲದಲ್ಲಿಡುತ್ತಿದ್ದೆ. ಮುಸುರಿಗಂತೂ ಗಿರಾಕಿಯೇ ಮನೆ ಬಾಗಿಲಿಗೆ ಬರುತ್ತಿದ್ದಳು. ಇಟ್ಟಂಗಿಹಾಳದಿಂದ ದಿನಾ ಬೆಳಿಗ್ಗೆ ಟಂಟಂ ರಿಕ್ಷಾದಲ್ಲಿ ಹಾಲು ತರುವ ಹೆಣ್ಣುಮಗಳು ನಮ್ಮ ಗೇಟಿನ ಪಕ್ಕದ ಬೇವಿನ ಗಿಡದ ಕೆಳಗೆ ಒಂದು ಡ್ರಮ್ಮು ಇಟ್ಟಿದ್ದಳು. ಓಣಿಯವರೆಲ್ಲ ಅದಕ್ಕೆ ಮುಸುರಿ ಸುರುವಬೇಕು, ಅವಳು ಹಾಲು ಹಾಕಿ ಹೋಗುವಾಗ ಅದನ್ನು ಒಯ್ಯಬೇಕು. ನಮ್ಮ ಮನೆಯ ಸಿಪ್ಪೆ ಅವಳ ಎಮ್ಮೆಗೆ, ಅವಳ ಎಮ್ಮೆಯ ಹಾಲು ನಮ್ಮ ಚಹಕ್ಕೆ. ಇದಕ್ಕಿಂತ ಚೊಲೋ ವ್ಯವಸ್ಥೆ ಯಾವ ಊರಿನಲ್ಲಿದೆ?

ಮೂಲೆಯ ಸೈಟಿನಲ್ಲಿ ದೊಡ್ಡ ಬಂಗಲೆ ಎದ್ದ ಮೇಲೆ ಅದರ ಯಜಮಾನರ ಮನೆಯಿಂದಲೂ ಆ ಡ್ರಮ್ಮಿಗೆ ಚೀಲಗಳು ಬರತೊಡಗಿದವು. ಯಜಮಾನರು ಬಜಾರದ ದೊಡ್ಡ ವ್ಯಾಪಾರಿ, ಓಣಿಯಲ್ಲಿ ಮರ್ಯಾದೆಯ ಮನುಷ್ಯ. ಝೆಂಡಾ ಏರಿಸುವ ದಿನ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಹೊಸ ಕಸಬರಿಗೆ ಹಿಡಿದು, ಸ್ವಚ್ಛತೆಯ ಬಗ್ಗೆ ನಮಗೆಲ್ಲ ಭಾಷಣ ಮಾಡಿದ್ದರು. ಫೋಟೋ ತೆಗೆದಾದ ಮೇಲೆ ಕಸಬರಿಗೆಯನ್ನು ಗೋಡೆಗೆ ಆನಿಸಿ ನಡೆದರು. ಗುಡಿಸಿದವರು ನಾವು.

ಒಂದು ಮುಂಜಾನೆ ಹಾಲಿನವಳು ಬರಿಗೈಲಿ ಬಂದು ಗೇಟಿನ ಹತ್ತಿರ ನಿಂತಳು. ಮುಖ ಸಣ್ಣಗಾಗಿತ್ತು.

"ಅಕ್ಕಾರ, ಎಮ್ಮಿ ಬಾಯಾಗ ರಕ್ತ ಬರಾಕತ್ತಿತ್ರಿ. ಕೈ ಹಾಕಿ ನೋಡೀನಿ, ಅರ್ಧಾ ಬ್ಲೇಡ್ ಸಿಕ್ಕೈತ್ರಿ. ಚಪಾತ್ಯಾಗ ಸುತ್ತಿಕೊಂಡಿತ್ತು."

"ಇನ್ನರ್ಧ?"

"ಅದ ಗೊತ್ತಿಲ್ರಿ" ಎಂದು ಅತ್ತಳು.

ಅಂದೇ ನಾನು ಅವಳ ಜೊತೆ ಇಟ್ಟಂಗಿಹಾಳಕ್ಕೆ ಹೋದೆ. ಎಮ್ಮೆ ಕೊಟ್ಟಿಗೆಯಲ್ಲಿ ತಲೆ ಇಳಿಬಿಟ್ಟು ನಿಂತಿತ್ತು. ಬಾಯಿಂದ ಕೆಂಪು ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ನಾಲಿಗೆಗೆ ಹೊಲಿಗೆ ಹಾಕಿದ್ದ ದನದ ಡಾಕ್ಟರರು ಒಂದು ಅಯಸ್ಕಾಂತದ ತುಂಡನ್ನೂ ನುಂಗಿಸಿದ್ದರು. ಇನ್ನರ್ಧ ಬ್ಲೇಡು ಹೊಟ್ಟೆಯಲ್ಲಿದ್ದರೆ ಕರುಳು ಕೊಯ್ಯದೆ ಅದಕ್ಕೆ ಅಂಟಿಕೊಂಡಿರಲಿ ಎಂದು. ಹಸಿದಿದ್ದರೂ ಮೇವಿಗೆ ಬಾಯಿ ಹಾಕಲಾರದೆ ಆ ಪ್ರಾಣಿ ನನ್ನನ್ನೇ ನೋಡಿತು. ಹಿಂದಿರುಗುವಾಗ ಟಂಟಂನಲ್ಲಿ ಕೂತು ನಾನು ಹಲ್ಲು ಕಚ್ಚಿಕೊಂಡೇ ಇದ್ದೆ.

ಮಾರನೆಯ ದಿನ ಡ್ರಮ್ಮಿನ ಪಕ್ಕ ಸ್ಟೂಲು ಹಾಕಿಕೊಂಡು, ಮುಂದೆ ತಟ್ಟೆಯಂಥ ಅಗಲವಾದ ಪರಾತ ಇಟ್ಟುಕೊಂಡು ಕೂತೆ. ಬಂದವರಿಗೆಲ್ಲ ಮೊದಲು ಪರಾತಕ್ಕೆ ಸುರುವಿರಿ ಎಂದೆ. ಕೆಲವರು ನಕ್ಕರು, ಕೆಲವರು ಮುಖ ಗಂಟಿಕ್ಕಿದರು. ಬಹಳ ಮನೆಗಳಿಂದ ಸಿಪ್ಪೆಯೇ ಬಂತು. ಬಂಗಲೆಯಿಂದ ಮಾತ್ರ ಗಂಟು ಹಾಕಿದ ಕರಿ ಚೀಲ ಬಂತು. ಬಿಚ್ಚಿದೆ. ಸೌತೆಯ ಸಿಪ್ಪೆಯ ನಡುವೆ ಮೊಮ್ಮಗುವಿನ ಡೈಪರು, ಗುಳಿಗೆಯ ಖಾಲಿ ಪಟ್ಟಿ, ರಿಮೋಟಿನ ಸೆಲ್ಲು, ಮತ್ತು ನಿನ್ನೆಯ ಚಪಾತಿಯ ಮಡಿಕೆಯಲ್ಲಿ ಗಡ್ಡದ ಸೋಪು ಇನ್ನೂ ಅಂಟಿದ್ದ ಬ್ಲೇಡು.

ಪರಾತವನ್ನು ಹಾಗೆಯೇ ಎತ್ತಿಕೊಂಡು ಬಂಗಲೆಗೆ ನಡೆದೆ. ಯಜಮಾನರು ವರಾಂಡದಲ್ಲಿ ಯಾರೋ ಇಬ್ಬರ ಜೊತೆ ಚಹ ಕುಡಿಯುತ್ತಿದ್ದರು. ಚಹದ ಕಪ್ಪುಗಳ ನಡುವೆಯೇ ಪರಾತ ಇಟ್ಟೆ.

"ಇದೇನ್ರೀ ಇದು! ಕಸಾ ತಂದು ಮನ್ಯಾಗ ಇಡ್ತೀರಲ್ರಿ?"

"ನಿಮ್ಮ ಮನಿದ ರೀ. ಬ್ಲೇಡ್ ಯಾರದು?"

ಅವರು ಬಂದವರ ಕಡೆ ನೋಡಿ ನಗಲು ಯತ್ನಿಸಿದರು. "ಕಸದಾಗ ಕಸಾನ ಇರ್ತದ ಅಕ್ಕಾರ. ಅದನ್ನ ಆರಿಸಕೋತ ಕೂಡ್ಲಿಕ್ಕೆ ನಮಗ ಬ್ಯಾರೆ ಕೆಲಸ ಇಲ್ಲೇನು?"

"ನಿಮಗ ಅದು ಕಸಾ ರೀ. ಹಾಲಿನಾಕಿ ಎಮ್ಮಿಗೆ ಊಟ. ಅದರ ನಾಲಿಗಿ ಕೊಯ್ದೈತ್ರಿ. ನಿಮ್ಮ ತಾಟಿನ್ಯಾಗ ಯಾರರ ಬ್ಲೇಡ್ ಹಾಕಿ ಕೊಟ್ರ ಉಣ್ತೀರೇನು?"

"ನಾ ಬೇಕಂತ ಹಾಕೀನೇನು? ಎಮ್ಮಿ ನೋಡಿ ತಿನ್ನಬೇಕಿಲ್ಲೇನು!"

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಾಗಿಲಿಗೆ ಬಂದರು. ನಾನು ಅವರೊಡನೆ ಮೊದಲು ಎಂದೂ ಮಾತಾಡಿರಲಿಲ್ಲ. ಪರಾತ ನೋಡಿದರು, ಗಂಡನನ್ನು ನೋಡಿದರು. "ಎಮ್ಮಿಗೆ ಬುದ್ಧಿ ಹೇಳಾಕ ಹೋಗಬ್ಯಾಡ್ರಿ" ಎಂದು ಅವರಿಗೆ ಹೇಳಿ, ಪರಾತ ಎತ್ತಿಕೊಂಡು ಹಿತ್ತಲಿಗೆ ಒಯ್ದರು.

ಮಧ್ಯಾಹ್ನ ಬಂಗಲೆಯ ಒಡತಿಯೇ ನನ್ನ ಗೇಟಿಗೆ ಬಂದರು. ಎಮ್ಮೆಯನ್ನು ನೋಡಬೇಕೆಂದರು. ಇಬ್ಬರೂ ಆಟೋ ಮಾಡಿಕೊಂಡು ಹೋದೆವು. ಹಾಲಿನವಳು ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ನುಚ್ಚಿನ ಗಂಜಿಯ ಬೋಗುಣಿಯನ್ನು ಅವರ ಕೈಗೆ ಕೊಟ್ಟು, "ನೀವ ತಿನ್ನಸ್ರಿ" ಎಂದಳು. ಬಂಗಲೆಯ ಒಡತಿ ಸೆರಗು ಸಿಕ್ಕಿಸಿಕೊಂಡು ಸೆಗಣಿಯಲ್ಲೇ ಕಾಲಿಟ್ಟು ನಿಂತರು. ಎಮ್ಮೆ ಬಾಯಿಯ ಒಂದು ಮಗ್ಗುಲಿನಿಂದ ಒಂದಿಷ್ಟೇ ಗಂಜಿ ಹೀರಿತು, ನೋವಿಗೆ ತಲೆ ಕೊಡವಿತು, ಮತ್ತೆ ಹೀರಿತು. ಬೋಗುಣಿ ಬರಿದಾಗುವವರೆಗೂ ಅವರು ಕದಲಲಿಲ್ಲ.

ಹೊರಡುವಾಗ ಹಾಲಿನವಳು ನನಗೆ ಹೇಳಿದಳು: "ಅಕ್ಕಾರ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ಓಣಿ ಮುಸುರಿ ಇನ್ನ ಬ್ಯಾಡ. ನಂಬಿಕಿ ಹೋತು."

ಎಮ್ಮೆ ಬದುಕಿತು. ಹಾಲು ಮಾತ್ರ ಮೊದಲಿನಷ್ಟು ಕೊಡಲಿಲ್ಲ. ಡ್ರಮ್ಮನ್ನು ಅವಳು ಹೊತ್ತುಕೊಂಡು ಹೋದಳು. ಒಬ್ಬ ಮನುಷ್ಯನ ಸೋಮಾರಿತನಕ್ಕೆ ಇಡೀ ಓಣಿಯ ಸಿಪ್ಪೆ ಈಗ ಕಸದ ಗಾಡಿ ಹತ್ತಿ ಊರಾಚೆ ಹೋಗಿ ಕೊಳೆಯುತ್ತದೆ. ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. "ಬಿಡು ಇನ್ನ, ಎಮ್ಮಿ ಆರಾಮ ಐತೆಲ್ಲ" ಎನ್ನುತ್ತಾರೆ ನನ್ನ ಗಂಡ. ನಾನು ಬಿಡುವುದಿಲ್ಲ. ಆರಾಮಾದದ್ದು ಎಮ್ಮೆಯ ಗಟ್ಟಿತನದಿಂದ, ನಮ್ಮ ಒಳ್ಳೆಯತನದಿಂದಲ್ಲ.

ನಾನೀಗ ಹಿತ್ತಲಲ್ಲಿ ತೂತು ಹೊಡೆದ ಟಬ್ಬಿನಲ್ಲಿ ಸಿಪ್ಪೆಗೆ ಮಣ್ಣು ಮುಚ್ಚಿ ಗೊಬ್ಬರ ಮಾಡುತ್ತೇನೆ. ಬಂಗಲೆಯ ಒಡತಿ ತಮ್ಮ ಸಿಪ್ಪೆಯನ್ನೂ ತಂದು ನನ್ನೆದುರು ಬುಟ್ಟಿಯಲ್ಲಿ ಹರವಿ ತೋರಿಸಿಯೇ ಟಬ್ಬಿಗೆ ಹಾಕುತ್ತಾರೆ. ತೋರಿಸಬೇಡಿರಿ ಎಂದು ನಾನು ಇನ್ನೂ ಹೇಳಿಲ್ಲ. ಮೊನ್ನೆ ಅವರ ಗಂಡ ಕಾಂಪೌಂಡಿನ ಆಚೆಯಿಂದ ನನ್ನ ಟಬ್ಬು ವಾಸನೆ ಹೊಡೆಯುತ್ತದೆ ಎಂದು ಕೂಗಿದರು.

"ಹೊಡೀಲಿ ಬಿಡ್ರಿ" ಎಂದೆ. "ವಾಸನಿ ಯಾರ ನಾಲಿಗಿನೂ ಕೊಯ್ಯೂದಿಲ್ಲ."