ಎದೆಕವಚದ ಮೇಲಿನ ಮರಳು

ಅಶ್ರಫ್, ನೀನು ಚೆಂಡು ಬಿಟ್ಟೆ, ಅದಕ್ಕೇ ಸೋತೆವು — ನಮ್ಮ ಕಂಪೆನಿಯ ಬೇಸ್‌ಬಾಲ್ ತಂಡದಲ್ಲಿ ಇವತ್ತಿಗೂ ಹೇಳುವ ಕಥೆ ಇದು. ಹೇಳುವವರಲ್ಲಿ ಎಷ್ಟು ಜನ ಕಣ್ಣಾರೆ ಕಂಡಿದ್ದಾರೆ? ಕೇಳಿ ನೋಡಿದ್ದೇನೆ. ಒಬ್ಬರೂ ಇಲ್ಲ. ಎಲ್ಲರ ಕಣ್ಣೂ ಗೆಲುವಿನ ರನ್ನಿಗಾಗಿ ಮೂರನೇ ಬೇಸಿನಿಂದ ಓಡಿಬರುತ್ತಿದ್ದ ಎದುರಾಳಿಯ ಮೇಲಿತ್ತು. ಅವರ ಬಳಿ ಇರುವ ಸಾಕ್ಷಿ ಒಂದೇ, ನಾನು ಬರೆದ ಸ್ಕೋರ್ ಪುಸ್ತಕ. ಆ ಪುಟ ಸುಳ್ಳು. ಸುಳ್ಳೆಂದು ತಿಳಿದೇ ಉಳಿಸಿಕೊಂಡವಳು ನಾನು.

ಆ ಬರಹ ಕಲಿಸಿದವನೂ ನೀನೇ. ನಾನು ಆಫೀಸಿನವಳು, ನೀನು ಗೋದಾಮಿನ ಲೋಡಿಂಗಿನವನು. ದುಬೈಯ ಡಿಸ್ಕವರಿ ಗಾರ್ಡನ್ಸಿನಿಂದ ಇಬ್ಬರಿಗೂ ಒಂದೇ ಬಸ್ಸು. ಫಿಲಿಪಿನೋ ಗೆಳೆಯರಿಂದ ಕಲಿತದ್ದನ್ನು ನೀನು ಡೆಲಿವರಿ ನೋಟಿನ ಬೆನ್ನಿಗೆ ಗೀಚಿ ತೋರಿಸಿದ್ದೆ. ಒಬ್ಬೊಬ್ಬ ಬ್ಯಾಟರನಿಗೆ ಒಂದೊಂದು ಚೌಕ. ಆಟಗಾರರಿಗೆ ಹೆಸರಿಲ್ಲ, ಜಾಗಕ್ಕೊಂದು ಸಂಖ್ಯೆ — ಎಸೆಯುವ ಪಿಚ್ಚರ್ ಒಂದು, ಬ್ಯಾಟರನ ಹಿಂದೆ ಕೂತು ಹಿಡಿಯುವ ಕ್ಯಾಚರ್ ಎರಡು, ಅದು ನೀನು. ಆರು-ಮೂರು ಎಂದರೆ ಆರನೆಯವನು ಹೆಕ್ಕಿ ಮೂರನೆಯವನಿಗೆ ಎಸೆದು ಔಟ್. ಮೂರು ಸ್ಟ್ರೈಕಿಗೆ ಔಟಾದರೆ ಕೆ. ಕೊನೆಯದಕ್ಕೆ ಬ್ಯಾಟನ್ನೇ ಬೀಸದೆ ನಿಂತಿದ್ದರೆ ಅದೇ ಕೆ, ತಿರುಗಿಸಿ ಬರೆದದ್ದು. "ಸುಮ್ಮನೆ ನಿಂತದ್ದೂ ದಾಖಲೆ ಆಗ್ತದೆ, ನೋಡು," ಅಂದಿದ್ದೆ ನೀನು.

ಚೆಂಡು ಕ್ಯಾಚರನನ್ನು ದಾಟಿಹೋದರೆ ಎರಡು ಬಗೆ. ಹಿಡಿಯಬಹುದಾದದ್ದನ್ನು ಬಿಟ್ಟರೆ ಪಿಬಿ, ತಪ್ಪು ಕ್ಯಾಚರನದು. ಬರುವ ಮೊದಲೇ ನೆಲಕ್ಕೆ ಬಡಿದಿದ್ದರೆ ಡಬ್ಲ್ಯೂಪಿ, ತಪ್ಪು ಪಿಚ್ಚರನದು. ನೆಲಕ್ಕೆ ಬಡಿದ ಮೇಲೆ ಅಭಿಪ್ರಾಯಕ್ಕೆ ಜಾಗವಿಲ್ಲ. ಒಮ್ಮೆ ಯಾವುದಕ್ಕೋ ನಾನು ಜಗ್ಗಾಡಿದಾಗ ನೀನು ಎಲ್ಲರೆದುರು ಹೇಳಿದೆ: "ಇಲ್ಲಿ ನಿನ್ನ ಡಿಬೇಟ್ ನಡೆಯುದಿಲ್ಲ ಮಾರಾಯ್ತಿ. ಕಂಡದ್ದನ್ನು ಬರಿ." ತಂಡವೆಲ್ಲ ನಕ್ಕಿತು. ನಾನೂ ನಕ್ಕೆ. ಮರೆಯಲಿಲ್ಲ.

ಆ ಶನಿವಾರ ಕೊನೆಯ ಎಸೆತದ ಹೊತ್ತಿಗೆ ತಲೆ ಬಗ್ಗಿಸಿ ಹಿಂದಿನ ಚೌಕ ತುಂಬುತ್ತಿದ್ದೆ. ತಲೆಯೆತ್ತಿದಾಗ ಚೆಂಡು ನಿನ್ನ ಹಿಂದೆ ಉರುಳುತ್ತಿತ್ತು. ಪಿಬಿ ಎಂದು ಬರೆದೆ. ಇಲ್ಲಿಯವರೆಗೆ ಬರೀ ತಪ್ಪು. ರಬ್ಬರು ಕೈಯಲ್ಲೇ ಇತ್ತು.

ನೀನು ಬಂದು ಪುಟ ನೋಡಿದೆ. "ನೆಲಕ್ಕೆ ಬಡಿದಿತ್ತಲ್ವಾ?"

ಬೆವರಿಗೆ ಒದ್ದೆಯಾದ ನಿನ್ನ ಎದೆಕವಚದ ಮೇಲೆ ಚೆಂಡಿನಗಲದ ಮರಳಿನ ಗುರುತು. ಕಂಡೆ. ಕೋಚ್ ನಿನ್ನ ಬೆನ್ನ ಹಿಂದೆ ಬಂದು ನಿಂತದ್ದನ್ನೂ ಕಂಡೆ. ತಕ್ಷಣ ಮಾತನ್ನು ಇಂಗ್ಲಿಷಿಗೆ ಹೊರಳಿಸಿದೆ — ಅಲ್ಲಿ ನೀನು ತಡವರಿಸುತ್ತೀ ಎಂದು ಗೊತ್ತಿದ್ದೇ. ಆರೋಪ ನಿನ್ನ ಮೇಲಿರುವಾಗ ನಿನ್ನ ಮಾತೇ ಸಾಕ್ಷಿ ಹೇಗಾಗುತ್ತದೆ? ಸೋತವರೆಲ್ಲ ನೆಲವನ್ನೇ ದೂರುವುದಲ್ಲವೇ? ಒಂದರ ಮೇಲೊಂದು, ಚೆಂದವಾಗಿ ಜೋಡಿಸಿದೆ. ಕೊನೆಗೆ — "ಪ್ರೂವ್ ಇಟ್."

ನೀನು ಪುಟದಿಂದ ಕಣ್ಣೆತ್ತಿದೆ. "ಖಲಾಸ್. ನೀನು ಬರೆದದ್ದೇ ಇರಲಿ."

ಆ ಪುಟ ನೋಡಿಯೇ ಕೋಚ್ ಅಬುಧಾಬಿಯ ಟೂರ್ನಮೆಂಟಿಗೆ ಬೇರೆ ಕ್ಯಾಚರನನ್ನು ಆರಿಸಿದರು. ಆ ಟೂರ್ನಮೆಂಟಿಗೆಂದೇ ನೀನು ಊರಿಗೆ, ಉಳ್ಳಾಲಕ್ಕೆ ಹೋಗುವ ರಜೆಯನ್ನು ಮುಂದೂಡಿದ್ದೆ. ಆಮೇಲೆ ಮೈದಾನಕ್ಕೆ ಬರಲೇ ಇಲ್ಲ. ಬಸ್ಸಿನಲ್ಲೂ ಬೇರೆ ಸೀಟು.

ಪಿಚ್ಚರನಿಗೂ ಗೊತ್ತಿತ್ತು, ಅವನೂ ಬಾಯಿ ಬಿಡಲಿಲ್ಲ ಎನ್ನಬಹುದು — ಬೇಡ. ಇನ್ನೊಬ್ಬರನ್ನು ಎಳೆದು ತರುವುದು ನನ್ನ ಹಳೆಯ ಚಾಳಿ.

ಈಗ ನಾನು ಅಬುಧಾಬಿಯ ಅಲ್ ರೀಮ್‌ನಲ್ಲಿದ್ದೇನೆ. ಪುಸ್ತಕ ನನ್ನ ಬಳಿಯೇ ಉಳಿದಿದೆ. ನಿನ್ನೆ ಪಿಬಿ ಹೊಡೆದುಹಾಕಿ, ಪಕ್ಕದಲ್ಲಿ ಡಬ್ಲ್ಯೂಪಿ ಬರೆದು, ಸಹಿ ಹಾಕಿ, ನಡೆದದ್ದನ್ನೆಲ್ಲ ಸೇರಿಸಿ ತಂಡದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಒಬ್ಬರು ಹೆಬ್ಬೆರಳಿನ ಚಿತ್ರ ಹಾಕಿದರು. ಅಷ್ಟೇ. ನೀನು ಆ ಗುಂಪನ್ನು ಎಂದೋ ಬಿಟ್ಟಿದ್ದೀ.

ಒಂದನ್ನು ಮಾತ್ರ ಎಷ್ಟು ವಾದಿಸಿದರೂ ಬಗೆಹರಿಸಲು ಆಗುತ್ತಿಲ್ಲ. ಸಾಕ್ಷಿ ನಿನ್ನ ಎದೆಯ ಮೇಲೇ ಇತ್ತು. ಕೋಚಿನ ಕಡೆ ತಿರುಗಿ ನಿಂತಿದ್ದರೆ ಸಾಕಿತ್ತು, ಒಂದು ಪದವೂ ಬೇಕಿರಲಿಲ್ಲ. ನೀನು ತಲೆ ಬಗ್ಗಿಸಿ ಆ ಗುರುತನ್ನು ನೋಡಿದೆ — ನೋಡಿದ್ದನ್ನು ನಾನು ನೋಡಿದ್ದೇನೆ — ಆಮೇಲೆ ಗ್ಲೌಸಿನಿಂದ ನೀನೇ ಒರೆಸಿಬಿಟ್ಟೆ.

ಯಾಕೆ ಅಶ್ರಫ್?