ಗುಡಿಸಬಾರದ ಗೂಡು

ನನ್ನ ನಾದಿನಿಯ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಮದುವೆ ದಲ್ಲಾಳಿ ನಮ್ಮ ಮನೆಗೆ ಎರಡನೇ ಸಲ ಬಂದ ದಿನ. ಹುಡುಗನ ಗುಣಗಾನವೆಲ್ಲ ಮೊದಲ ಸಲವೇ ಮುಗಿದಿತ್ತು. ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಅಪ್ಪ ಕೇಳಿದರು.

"ಒಬ್ಬಳು ತಂಗಿ. ಮದುವೆ ಒಲ್ಲೆ ಅಂತಾಳೆ. ಸರ್ಕಾರಿ ಕೆಲಸ," ಎಂದ ದಲ್ಲಾಳಿ, ಲೋಟದೊಳಗೆ ಮುಖ ಇಳಿಬಿಟ್ಟು.

"ಏನು ಕೆಲಸ?"

"ಸಂಶೋಧನೆ."

"ಏನನ್ನ ಸಂಶೋಧನೆ ಮಾಡ್ತಾಳೆ?"

"ಕೋಳಿ."

"ಕೋಳೀಲಿ ಸಂಶೋಧನೆ ಮಾಡೋಕೆ ಏನಿದೆಯಪ್ಪ?" ಅಪ್ಪ ಅಷ್ಟಕ್ಕೆಲ್ಲ ಬಿಡುವ ಆಸಾಮಿಯಲ್ಲ.

"ಅದರ... ಹಿಕ್ಕೆ."

ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಚಿಕ್ಕಮ್ಮ ಮಾತ್ರ ಗಂಭೀರವಾಗಿ, "ಒಳ್ಳೇದೇ ಆಯ್ತು ಬಿಡಿ. ದಿನವೆಲ್ಲ ಅದನ್ನ ನೋಡೋಳು ಅತ್ತಿಗೆ ಮಾಡಿದ ಅಡುಗೇಲಿ ತಪ್ಪು ಹುಡುಕಲ್ಲ," ಎಂದಳು.

ಚಿಕ್ಕಮ್ಮನ ಭವಿಷ್ಯ ಮೊದಲನೇ ಊಟಕ್ಕೇ ಸುಳ್ಳಾಯಿತು. ನಾದಿನಿ ತಪ್ಪು ಹುಡುಕಿದಳು, ಅದೂ ಭೂತಗನ್ನಡಿ ಹಿಡಿದು ನೋಡುವವಳ ಹಾಗೆ. ಮನೆಗೆ ಬಂದವಳೇ ಚಪ್ಪಲಿಯನ್ನು ಗೇಟಿನಾಚೆ ಬಿಟ್ಟು, ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಬಟ್ಟೆ ಬದಲಿಸಿ, ಶುದ್ಧ ದೇವತೆಯಂತೆ ಊಟಕ್ಕೆ ಕೂರುವಳು. ಕೂತ ಮೇಲೆ ಬಾಯಿ ತೆರೆದರೆ, "ಇವತ್ತು ಮೂಲೆ ಪಂಜರದ್ದು ಸ್ವಲ್ಪ ನೀರಾಗಿತ್ತು ಅಣ್ಣ." ನನ್ನ ಗಂಡ ತಲೆ ಎತ್ತದೆ ನನ್ನ ಕಡೆ ತಟ್ಟೆ ಚಾಚಿ, "ಇನ್ನೊಂದು ಸೌಟು ಹಾಕು," ಎನ್ನುವರು. ಅಂಥ ವಂಶಕ್ಕೆ ನಾನು ಸೊಸೆಯಾಗಿ ಬಂದೆ.

ಬೀದಿಯವರು ಅವಳಿಗೆ ಹಿಕ್ಕೆ ಡಾಕ್ಟರು ಎಂದು ಹೆಸರಿಟ್ಟಿದ್ದರು. ಅವಳಿಗದು ಬಿರುದು ಕೊಟ್ಟ ಹಾಗೆ ಕೇಳಿಸುತ್ತಿತ್ತು.

ಕೆಲಸ ಏನೆಂದು ಅವಳೇ ಒಂದು ಸಂಜೆ ನನಗೆ ಬಿಡಿಸಿ ಹೇಳಿದಳು. ಕೋಳಿಮರಿಯ ಕರುಳಿಗೆ ಕಣ್ಣಿಗೆ ಕಾಣದ ಒಂದು ಹುಳ ಸೇರಿ ರಕ್ತಭೇದಿ ಹಿಡಿಸುತ್ತದೆ. ಮರಿ ಪುಕ್ಕ ಕೆದರಿಕೊಂಡು, ರೆಕ್ಕೆ ಜೋತುಬಿಟ್ಟು, ಶಾಲೆಗೆ ಹೋಗಲು ಒಲ್ಲದ ಮಗುವಿನ ಹಾಗೆ ಮೂಲೆಯಲ್ಲಿ ನಿಲ್ಲುತ್ತದೆ. ಮಾರನೆಯ ದಿನ ನೋಡಿದರೆ ಮಲಗಿರುತ್ತದೆ, ಮತ್ತೆ ಏಳುವುದಿಲ್ಲ. ಲೋಕವೆಲ್ಲ ಆ ಹುಳವನ್ನು ಕೊಲ್ಲುವ ಔಷಧಿ ಹುಡುಕುತ್ತಿದ್ದರೆ ನನ್ನ ನಾದಿನಿ ಅದನ್ನು ಮುದ್ದಿನಿಂದ ಸಾಕುತ್ತಿದ್ದಳು.

"ಹುಳದ ಬೀಜ ಹಿಕ್ಕೇಲಿ ಬೀಳುತ್ತೆ ಅತ್ತಿಗೆ. ಎಲ್ಲಕ್ಕಿಂತ ಮೊದಲು ಬಿದ್ದದ್ದನ್ನ ಮಾತ್ರ ಆರಿಸಿ ಇನ್ನೊಂದು ಮರಿಗೆ ಕೊಡ್ತೀನಿ. ಅದರಲ್ಲೂ ಮೊದಲು ಬಿದ್ದದ್ದು ಮತ್ತೊಂದಕ್ಕೆ. ವರ್ಷಗಟ್ಟಲೆ ಇದೇ ಕೆಲಸ."

"ಯಾಕೆ, ಅದಕ್ಕೇನು ಬಸ್ಸು ತಪ್ಪಿಹೋಗುತ್ತಾ?"

"ಅಂಥ ಅವಸರದ್ದೇ ನಂಗೆ ಬೇಕಾಗಿರೋದು. ಅವಸರದ ಹುಳ ಕರುಳಲ್ಲಿ ಜಾಸ್ತಿ ಸಂಸಾರ ಹೂಡಲ್ಲ. ಮಕ್ಕಳೂ ಕಡಿಮೆ, ಹಾವಳೀನೂ ಕಡಿಮೆ. ನಮ್ಮಣ್ಣ ಮದುವೆ ಮನೆಗೆ ಹೋದ ಹಾಗೆ. ಬಂದ, ತಿಂದ, ಹೊರಟ."

ಹೀಗೆ ಸಾಧುವಾದ ಹುಳವನ್ನೇ ಎಳೇ ಮರಿಗೆ ಲಸಿಕೆಯೆಂದು ಕುಡಿಸುವುದು. ಮರಿಗೆ ಕಂಡೂ ಕಾಣದಷ್ಟು ರೋಗ ಬರುತ್ತದೆ, ಬೀಜ ನೆಲಕ್ಕೆ ಹಾಸಿದ ಹೊಟ್ಟಿನಲ್ಲಿ ಬೀಳುತ್ತದೆ, ಮರಿ ಕೆದಕಿ ಅದನ್ನೇ ಮತ್ತೆ ತಿನ್ನುತ್ತದೆ. ಎರಡು ಮೂರು ಸುತ್ತು ಹೀಗಾದರೆ ಅದರ ಮೈಗೆ ಬುದ್ಧಿ ಬರುತ್ತದೆ. ಆಮೇಲೆ ಅಸಲಿ ರೋಗ ಬಂದು ಬಾಗಿಲು ತಟ್ಟಿದರೂ ಮರಿ ಕ್ಯಾರೇ ಅನ್ನುವುದಿಲ್ಲ. ಅಲ್ಲಿಯವರೆಗೆ ಮಾತ್ರ ಹೊಟ್ಟು ಬದಲಿಸಬಾರದು, ಪೊರಕೆ ಒಳಗೆ ಹೋಗಬಾರದು.

"ಅಂದ್ರೆ ಗಲೀಜೇ ಔಷಧಿ ಅನ್ನು," ಎಂದೆ.

"ಅರ್ಧ ಔಷಧಿ ಬಾಟಲೀಲಿ, ಇನ್ನರ್ಧ ನೆಲದಲ್ಲಿ."

ಅವಳ ಸಂಸ್ಥೆಯ ದೊಡ್ಡ ಸಾಹೇಬರಿಗೆ ಈ ಇನ್ನರ್ಧ ಹಿಡಿಸುತ್ತಿರಲಿಲ್ಲ. ಅವರು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಯೇ ಕೂರುವವರು, ಎದ್ದ ಮೇಲೆ ಪ್ಯಾಂಟನ್ನೂ ಒರೆಸಿಕೊಳ್ಳುವವರು. ಕೋಳಿರೋಗದ ಸಂಸ್ಥೆಗೆ ಇಂಥವರನ್ನು ಹುಡುಕಿ ತಂದು ಕೂರಿಸಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಲಸಿಕೆಯ ದೊಡ್ಡ ಪರೀಕ್ಷೆಗೆ ಅವರು ಒಂದು ಶೆಡ್ಡು ಕೊಟ್ಟರು. ಗೆದ್ದರೆ ಕೆಲಸ ಮುಂದುವರಿಯುತ್ತದೆ, ಸೋತರೆ ಆ ಹುಳದ ವಂಶವನ್ನೇ ಸುಟ್ಟು ಕೋಣೆ ಖಾಲಿ ಮಾಡಬೇಕು ಎಂದರು. ನಾದಿನಿ ಮರಿಗಳಿಗೆ ಲಸಿಕೆ ಹಾಕಿ, ಶೆಡ್ಡಿನ ಬಾಗಿಲಿಗೆ 'ಗುಡಿಸಬಾರದು' ಎಂದು ಕೆಂಪು ಬಣ್ಣದಲ್ಲಿ ಬರೆದ ಹಲಗೆ ನೇತುಹಾಕಿ, ಅದೇ ವಾರ ಜ್ವರ ಬಂದು ಮನೆಯಲ್ಲಿ ಮಲಗಿದಳು.

ಅವಳು ಮಲಗಿದ್ದಾಗಲೇ ಮೇಲಿನ ಕಚೇರಿಯಿಂದ ಅತಿಥಿಗಳು ಬರುವ ಸುದ್ದಿ ಸಂಸ್ಥೆಗೆ ಬಂತು. ಜ್ವರ ಬಿಟ್ಟು ಕೆಲಸಕ್ಕೆ ಹೋದವಳು ಮಧ್ಯಾಹ್ನಕ್ಕೇ ಮರಳಿ ಬಂದು, ಚಪ್ಪಲಿ ಸಮೇತ ನಡುಮನೆಯಲ್ಲಿ ಕೂತುಬಿಟ್ಟಳು. ಅವಳು ಚಪ್ಪಲಿ ಬಿಡದೆ ಒಳಗೆ ಬಂದದ್ದು ಕಂಡು ನನ್ನ ಗಂಡ ಓದುತ್ತಿದ್ದ ಪೇಪರ್ ಮಡಿಸಿದರು.

"ಏನಾಯ್ತೇ?"

"ತೊಳೆದುಬಿಟ್ಟಿದ್ದಾರೆ ಅಣ್ಣ."

"ಏನನ್ನ?"

"ಎಲ್ಲಾನೂ. ಹೊಟ್ಟು ತೆಗೆದು, ಫಿನಾಯಿಲ್ ಸುರಿದು ಉಜ್ಜಿ, ಸುಣ್ಣ ಬಳಿದು, ಬಾಗಿಲಿಗೆ ಹೂಕುಂಡ ಇಟ್ಟಿದ್ದಾರೆ."

"ಹಲಗೆ ಹಾಕಿದ್ಯಲ್ಲೇ?"

"ಬಾಗಿಲಿಗೆ ಅಂದ ಇಲ್ಲ ಅಂತ ಮೊದಲು ಅದನ್ನೇ ತೆಗೆದ್ರಂತೆ."

ಅತಿಥಿಗಳು ಬಂದು, ಮೂಗಿಗೆ ಏನೂ ಬಡಿಯದ ಸಂತೋಷಕ್ಕೆ ಸಾಹೇಬರಿಗೊಂದು ಪ್ರಶಂಸಾಪತ್ರ ಕೊಟ್ಟು ಹೋದರು. ಆಮೇಲೆ ಪರೀಕ್ಷೆಗೆಂದು ಮರಿಗಳಿಗೆ ಅಸಲಿ ಹುಳ ತಿನ್ನಿಸಿದಾಗ, ಸುಣ್ಣದ ಬಿಳಿ ಗೋಡೆಯ ಬುಡದಲ್ಲಿ ಅವು ಸಾಲಾಗಿ ಪುಕ್ಕ ಕೆದರಿಕೊಂಡು ನಿಂತವು.

"ಅರ್ಧ ಲಸಿಕೆ ನೀವು ಚರಂಡಿಗೆ ಹಾಕಿಸಿದ್ರಿ ಸಾರ್," ಎಂದಳಂತೆ ಇವಳು.

"ನೋಡಮ್ಮ, ಸ್ವಚ್ಛತೆಗೆ ಸೋಲೋ ಔಷಧಿ ಔಷಧೀನೇ ಅಲ್ಲ," ಎಂದರಂತೆ ಅವರು. ಪ್ರಶಂಸಾಪತ್ರ ಅವರ ತಲೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಒಂದಿಷ್ಟೂ ಧೂಳಿಲ್ಲದೆ ನೇತಾಡುತ್ತಿತ್ತಂತೆ.

ಹುಳದ ವಂಶ ಸುಡುವ ಹಿಂದಿನ ಸಂಜೆ ಅವಳ ಊಟದ ಡಬ್ಬಿಯಲ್ಲಿ ಒಂದು ಬಾಟಲಿ ಮನೆಗೆ ಬಂತು. ಒಳಗೆ ಕಿತ್ತಳೆ ಬಣ್ಣದ ನೀರು, ಅದರಲ್ಲಿ ಅವಳ ಸಾಧು ಹುಳದ ಬೀಜ. ಬೀಜ ಕೊಳೆಯದ ಹಾಗೆ ಕಾಯುವ ವಿಷವಂತೆ ಆ ನೀರು. ಮರಿಗೆ ಕೊಡುವ ಮುಂಚೆ ಪೂರ್ತಿ ತೊಳೆದು ತೆಗೆಯಬೇಕಂತೆ. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬೀಗ ಹಾಕಿ, ನನ್ನ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕೂರಿಸಿದಳು.

"ಬೆಣ್ಣೆ ಪಕ್ಕ ಭೇದಿ. ಚೆನ್ನಾಗಿದೆ ಜೋಡಿ," ಎಂದೆ.

"ಇಲ್ಲೂ ಜಾಸ್ತಿ ತಿಂಗಳು ಬದುಕಲ್ಲ ಅತ್ತಿಗೆ. ಆಗಾಗ ಮರಿಗಳ ಹೊಟ್ಟೆಗೆ ಹೋಗಿ ಬರ್ತಿರಬೇಕು. ಇಲ್ದಿದ್ರೆ ನನ್ನ ಇಷ್ಟು ವರ್ಷದ ದುಡಿಮೆ ಬಣ್ಣದ ನೀರು, ಅಷ್ಟೆ."

ಹಾಗಾಗಿ ನನ್ನ ಹಿತ್ತಲಲ್ಲಿ ಗೂಡು ಎದ್ದಿತು. ಅದರ ಬಾಗಿಲಿಗೆ ಅವಳ ಹಲಗೆ ಬಂತು. ನನ್ನ ಪೊರಕೆ ಕಂಡರೆ ನನ್ನ ಗಂಡ ಕಾಲು ಮೇಲೆತ್ತಿ ಕೂರುತ್ತಿದ್ದರು, ಬೆಕ್ಕು ಮನೆ ಬಿಟ್ಟು ಹೋಗುತ್ತಿತ್ತು. ಅಂಥ ಪೊರಕೆ ಗೂಡಿನ ಮುಂದೆ ಬಾಲ ಮುದುರಿಕೊಂಡು ಹಿಂದಕ್ಕೆ ಬರಬೇಕಾಯಿತು.

ಆದರೆ ಹಿತ್ತಲಲ್ಲಿ ಹುಳ ಬದುಕಿದರೆ ಸಾಕೇ, ಲಸಿಕೆ ಫಲಿಸುತ್ತದೆಂದು ಯಾರಾದರೂ ನಂಬಬೇಕಲ್ಲ. ಅದಕ್ಕೊಂದು ದೊಡ್ಡ ಶೆಡ್ಡು ಬೇಕು, ಯಾವ ಕಾರಣಕ್ಕೂ ಪೊರಕೆ ಮುಟ್ಟದ ಮಾಲೀಕ ಬೇಕು ಎಂದಳು. ನನಗೆ ತಕ್ಷಣ ನನ್ನ ಒಡಹುಟ್ಟಿದ ತಮ್ಮ ನೆನಪಾದ. ಅವನದೊಂದು ಕೋಳಿ ಫಾರಂ ಇತ್ತು. ಏನು ಹೇಳಿದರೂ 'ಆಮೇಲೆ' ಅನ್ನುವುದಕ್ಕೆ ಜನ ಅವನನ್ನು ಆಮೇಲಪ್ಪ ಎಂದೇ ಕರೆಯುತ್ತಿದ್ದರು.

"ಅಕ್ಕ, ನಿನ್ನ ನಾದಿನಿ ನನ್ನ ಮರಿಗಳಿಗೆ ರೋಗ ಹಂಚೋಕೆ ಬಂದಿದ್ದಾರಾ?" ಎಂದು ನಾವಿಬ್ಬರೂ ಅಲ್ಲಿಗೆ ಹೋದ ದಿನ ಮಂಚದಿಂದಲೇ ಕೇಳಿದ.

"ನೀವು ಮೇವು ನೀರು ಹಾಕಿದ್ರೆ ಸಾಕು. ಬೇರೆ ಏನೂ ಮಾಡಬಾರದು," ಎಂದಳು ನಾದಿನಿ.

"ಗುಡಿಸೋದು?"

"ಬೇಡ."

"ಹೊಟ್ಟು ಬದಲಿಸೋದು?"

"ಮುಟ್ಟಲೇಬಾರದು."

ತಮ್ಮ ಎದ್ದು ಕೂತ. ಅವನ ಕಣ್ಣು ತುಂಬಿ ಬಂತು. "ಇಷ್ಟು ದಿನ ಎಲ್ಲಿದ್ರಿ ಮೇಡಂ?"

ಅವನು ಕೊಟ್ಟ ಮಾತು ತಪ್ಪಲಿಲ್ಲ. ಹುಟ್ಟಿದ ಮೇಲೆ ಅವನು ನಿಷ್ಠೆಯಿಂದ ಮಾಡಿದ ಕೆಲಸ ಅದೊಂದೇ. ಆ ವರ್ಷ ರಕ್ತಭೇದಿ ಬಂದು ಸುತ್ತಲಿನ ಫಾರಂಗಳೆಲ್ಲ ಮರಿಗಳನ್ನು ಹೂಳುತ್ತಿದ್ದಾಗ ಆಮೇಲಪ್ಪನ ಮರಿಗಳು ಅವನಿಗಿಂತ ಚುರುಕಾಗಿ ಓಡಾಡುತ್ತಿದ್ದವು. ಸುದ್ದಿ ಸಾಹೇಬರ ಕಿವಿಗೂ ಹೋಯಿತು. ಪ್ಯಾಂಟು ಮಡಿಸಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಶೆಡ್ಡಿನ ಹೊಸ್ತಿಲವರೆಗೆ ಬಂದರು.

"ಇಷ್ಟು ಗಲೀಜಲ್ಲಿ ಒಂದೂ ಸತ್ತಿಲ್ವೇನಯ್ಯ?"

"ಇಲ್ಲ ಸಾರ್. ಅದಕ್ಕೆ ಬಹಳ ಕಷ್ಟಪಟ್ಟಿದ್ದೀನಿ," ಎಂದ ನನ್ನ ತಮ್ಮ.

ನಾದಿನಿಯ ಕೋಣೆ ಅವಳಿಗೆ ಮರಳಿ ಸಿಕ್ಕಿತು. ಲಸಿಕೆ ಹೊರಬಂದ ದಿನ ಸಾಹೇಬರು ವೇದಿಕೆಯ ಮೇಲೆ ನಿಂತು ಸ್ವಚ್ಛತೆಯ ಬಗ್ಗೆ ಸುದೀರ್ಘವಾಗಿ ಮಾತಾಡಿದರು. ಇವಳು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತು, ಮುಂದೆ ಕೂತವರ ತಲೆಹೊಟ್ಟು ಪರಿಶೀಲಿಸುತ್ತಿದ್ದಳು. ಸಂಸ್ಥೆಗೆ ಅವಳು ಕೊಟ್ಟದ್ದು ಬಾಟಲಿಯ ಅರ್ಧ ಮಾತ್ರ. ಇನ್ನರ್ಧ ನನ್ನ ಫ್ರಿಜ್ಜಿನಲ್ಲೇ ಉಳಿಯಿತು.

"ಇನ್ನೂ ಯಾಕೆ ಇದು?" ಎಂದರೆ, "ಅತಿಥಿಗಳು ಮತ್ತೆ ಬರಲ್ಲ ಅಂತ ಏನು ಗ್ಯಾರಂಟಿ?" ಎನ್ನುವಳು.

ನನ್ನ ಗಂಡ ಹೋದರು. ಅವಳು ನಿವೃತ್ತಳಾದಳು. ನಾವಿಬ್ಬರೂ ಒಂದೇ ಮನೆಯಲ್ಲಿ ಒಬ್ಬರ ತಪ್ಪು ಒಬ್ಬರು ಹುಡುಕುತ್ತಾ ಕಾಲ ಹಾಕಿದೆವು. ಹಿತ್ತಲಿನ ಗೂಡಿಗೆ ಹೊಸ ಮರಿಗಳು ಬರುತ್ತಿದ್ದವು, ಬಾಟಲಿಯೊಳಗಿನ ವಂಶ ಅವುಗಳ ಹೊಟ್ಟೆಗೆ ಹೋಗಿ ಬರುತ್ತಿತ್ತು. ಸಂಸ್ಥೆಗೆ ಬಂದ ಹೊಸ ಸಾಹೇಬರು ಶೆಡ್ಡಿನ ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿದರೆಂದು ಕೇಳಿದ ದಿನ ಅವಳು ಊಟ ಬಿಟ್ಟು ಎದ್ದಳು. ಅತ್ತ ಎರಡು ಸಲ ಬೀಜ ಸತ್ತುಹೋಗಿ, ಅವರ ಜವಾನ ಡಬ್ಬಿ ಹಿಡಿದುಕೊಂಡು ನಮ್ಮ ಹಿತ್ತಲ ಬಾಗಿಲಿಗೇ ಬಂದು ನಿಂತ. "ಸಕ್ಕರೆ ಸಾಲ ಕೇಳೋಕೆ ಬಂದ ಹಾಗೆ ಬಂದಿದ್ದಾನೆ ನೋಡಿ ಅತ್ತಿಗೆ," ಎಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬಂದ ಬೆಳಗ್ಗೆ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಗೇಟಿನವರೆಗೆ ಎತ್ತಿ ತಂದರು. ನಾನು ಬಟ್ಟೆಯ ಚೀಲ ಹಿಡಿದು ಪಕ್ಕದಲ್ಲಿದ್ದೆ. ಗೇಟಿನ ಹತ್ತಿರ ನಿಲ್ಲಿಸಿ ಎಂದು ಕೈ ಮಾಡಿದಳು. ದುಡ್ಡಿನ ವಿಷಯವೋ ಒಡವೆಯ ವಿಷಯವೋ ಎಂದು ಪಕ್ಕದ ಮನೆಯಾಕೆ ಕಿವಿ ಹತ್ತಿರ ತಂದಳು.

"ಅತ್ತಿಗೆ," ಎಂದಳು, ಉಸಿರು ಎಳೆದೆಳೆದು, "ನನ್ನ ಕೋಣೆ ಬೇಕಿದ್ರೆ ಗುಡಿಸಿ, ಉಜ್ಜಿ, ತೊಳೀರಿ, ನಿಮ್ಮ ಆಸೆ ತೀರೋವರೆಗೂ. ಗೂಡಿಗೆ ಮಾತ್ರ ಪೊರಕೆ ಹಾಕಬೇಡಿ. ಮರಿಗಳಿಗೆ ಮೊನ್ನೆ ತಾನೇ ಕೊಟ್ಟಿದ್ದೀನಿ."