ಬಂಕ್ ಲಕ್ಷ್ಮಮ್ಮನವರು ಅಗೆಸಿದ ಗುಂಡಿ

ಮೊನ್ನೆ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ನಾಲ್ಕು ಹನಿ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. ಮನೆಗೆ ಬಂದು ಪ್ಯಾಂಟನ್ನು ಒಗೆಯಲು ಹಾಕಿದ ಮೇಲೂ ಆ ವಾಸನೆ ಮೂಗು ಬಿಡಲಿಲ್ಲ. ನಿಮ್ಮಲ್ಲಿ ಕೆಲವರಿಗೆ ಈ ವಾಸನೆ ಇಷ್ಟವೆಂದು ನನಗೆ ಗೊತ್ತು, ಹೇಳಿಕೊಳ್ಳುವುದಿಲ್ಲ, ಅಷ್ಟೆ. ಒಂದು ಕಾಲದಲ್ಲಿ ನನಗೂ ಇಷ್ಟವಿತ್ತು. ಬಂಕಿನ ಮುಂದೆ ಹಾದುಹೋಗುವಾಗ ಉಸಿರನ್ನು ಸ್ವಲ್ಪ ಉದ್ದವಾಗಿಯೇ ಎಳೆದುಕೊಳ್ಳುತ್ತಿದ್ದೆ. ಅದೇ ವಾಸನೆ ನಮ್ಮ ಮನೆಯ ಬಾವಿಯಿಂದ ಬಂದ ದಿನ ಆ ಪ್ರೀತಿ ಮುಗಿಯಿತು.

ಆಗಿನ್ನೂ ತೊಂಬತ್ತರ ದಶಕ. ನಮ್ಮದು ಶಂಕರಪುರದ ಹಳೆಯ ಮನೆ, ಹಿತ್ತಿಲಲ್ಲಿ ಸೇದುವ ಬಾವಿ. ನಲ್ಲಿ ಬಂದು ಎಷ್ಟೋ ವರ್ಷವಾಗಿದ್ದರೂ ಅಮ್ಮನ ಕಾಫಿಗೆ ಬಾವಿಯ ನೀರೇ ಆಗಬೇಕು. ಒಂದು ಬೆಳಿಗ್ಗೆ ಕೊಡ ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು.

"ಏನೋ, ಸ್ಕೂಟರ್ ತೊಳೆದ ಬಕೆಟ್ಟನ್ನೇ ಬಾವಿಗೆ ಬಿಟ್ಯಾ?"

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನು. ಆಪಾದನೆಯನ್ನು ಖಂಡಿಸಲೆಂದು ಕೊಡಕ್ಕೆ ಮೂಗು ಒಡ್ಡಿದೆ. ತರ್ಕಕ್ಕೆ ಜಾಗವೇ ಇರಲಿಲ್ಲ. ನೀರಿನ ಮೇಲೆ ನವಿಲುಗರಿಯ ಬಣ್ಣ ತೇಲುತ್ತಿತ್ತು. ಬೀದಿಯ ತಿರುವಿನಲ್ಲೇ ಪೆಟ್ರೋಲ್ ಬಂಕು.

ಒಂದು ಚೊಂಬಿನಲ್ಲಿ ಆ ನೀರು ಹಿಡಿದುಕೊಂಡು ಹೊರಟೆ. ದಾರಿಯುದ್ದಕ್ಕೂ ಭಾಷಣ ಸಿದ್ಧವಾಗುತ್ತಿತ್ತು: ಪೀಠಿಕೆ, ಆರೋಪ, ಪತ್ರಿಕೆಗೆ ಬರೆಯುತ್ತೇನೆಂಬ ಬೆದರಿಕೆ. ಬಂಕು ನಡೆಸುತ್ತಿದ್ದವರು ಲಕ್ಷ್ಮಮ್ಮ. ಮಾಗಡಿ ಕಡೆಯ ಒಕ್ಕಲು ಮನೆತನದವರು, ಅಪ್ಪ ಶುರು ಮಾಡಿದ ಬಂಕನ್ನು ಮದುವೆಯಾದ ಮೇಲೂ ಬಿಡದೆ ನೋಡಿಕೊಂಡವರು. ಐವತ್ತು ದಾಟಿದ ಎತ್ತರದ ಹೆಂಗಸು. ಅವರ ದನಿಗೆ ಲಾರಿ ಡ್ರೈವರುಗಳೂ ಬೀಡಿ ಆರಿಸುತ್ತಿದ್ದರು.

ಚೊಂಬು ಮುಂದೆ ಚಾಚಿದೆ. ಅವರು ಮೂಸಿದರು. ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಪಂಪಿನ ಕಡೆ ತಿರುಗಿ, "ನಿಲ್ಸ್ರಪ್ಪಾ ಎಲ್ಲಾ. ಬಂದೋರ್ನ ವಾಪಸ್ ಕಳ್ಸಿ," ಎಂದರು.

ನನ್ನ ಭಾಷಣದ ಪೀಠಿಕೆಯೂ ಆಗಿರಲಿಲ್ಲ!

ಅವರು ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ನಮ್ಮ ಮನೆಗೆ ನಡೆದರು. ಬಾವಿಕಟ್ಟೆಯ ಗೂಡಿನಲ್ಲಿ ಅಮ್ಮ ದಿನಾ ದೀಪ ಇಡುತ್ತಿದ್ದಳು. "ಅಮ್ಮಾ, ಇವತ್ತಿಂದ ಇಲ್ಲಿ ಬೆಂಕಿ ಕಡ್ಡಿ ಕೂಡ ಗೀರ್ಬೇಡಿ, ದೇವ್ರು ಒಪ್ಕೊಂತಾನೆ," ಎಂದರು. ಆಮೇಲೆ ಬಾವಿಯೊಳಕ್ಕೆ ಬಗ್ಗಿ ನೋಡಿ, ಮೆಲ್ಲಗೆ, "ನಮ್ಮೂರಲ್ಲಿ ಬಾವಿ ಕೆಡಿಸಿದೋರ ಮನೇಗೆ ಹೆಣ್ಣು ಕೊಡ್ತಿರ್ಲಿಲ್ಲ," ಎಂದರು. ಮರುದಿನದಿಂದ, ನಮಗೆ ನಲ್ಲಿಯಿದ್ದರೂ, ಅವರ ಮನೆಯಿಂದ ನಮ್ಮ ಮನೆಗೆ ಕುಡಿಯುವ ನೀರು ಬರತೊಡಗಿತು.

ಎಣ್ಣೆ ಕಂಪನಿಯ ಅಧಿಕಾರಿಯೊಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮನುಷ್ಯ. "ಮೇಡಂ, ಸುತ್ತಮುತ್ತ ಎಷ್ಟೊಂದು ಗ್ಯಾರೇಜಿದೆ, ಯಾರದೋ ಇರ್ಬೋದು. ನೀವಾಗೇ ಅಗೆಸಿದ್ರೆ ತಪ್ಪು ನಮ್ಮದೇ ಅಂತ ಒಪ್ಕೊಂಡ ಹಾಗಾಗತ್ತೆ. ಆಮೇಲೆ ಬಂಕ್ ತೆರೆಯೋಕೆ ಬಿಡ್ತಾರೋ ಇಲ್ವೋ."

"ಇರ್ಬೋದು ಸ್ವಾಮಿ. ನಂದಲ್ಲ ಅಂತ ಗೊತ್ತಾದ್ರೆ ಗ್ಯಾರೇಜೋರ ಹತ್ರ ನಾನೇ ಜಗಳಕ್ಕೆ ಹೋಗ್ತೀನಿ. ಮೊದ್ಲು ನನ್ನ ನೆಲದ ಕೆಳಗೆ ಏನಿದೆ ನೋಡ್ಬಿಡ್ತೀನಿ."

ಬಂಕಿನ ನೆಲದಡಿ ಹೂತಿದ್ದ ಪೆಟ್ರೋಲ್ ಟ್ಯಾಂಕು ಮೇಲೆ ಬಂದ ದಿನ ಇಡೀ ಶಂಕರಪುರ ಅಲ್ಲಿತ್ತು. ಅದನ್ನು ಖಾಲಿ ಮಾಡಿಸಿ, ಒಳಗಿನ ಆವಿಯನ್ನೆಲ್ಲ ಹೊರದೂಡಿ, ಸುತ್ತಲಿನ ಕಾಂಕ್ರೀಟು ಒಡೆದು, ಕ್ರೇನಿನ ಸರಪಳಿ ಬಿಗಿದರು. ನೆಲ ಒಮ್ಮೆ ನರಳಿದಂತಾಯಿತು. ಆಮೇಲೆ ಮಣ್ಣು ಮೆತ್ತಿಕೊಂಡ ಆ ಕಬ್ಬಿಣದ ಪ್ರಾಣಿ, ಹೌದು, ಪ್ರಾಣಿಯೇ, ಗುಂಡಿಯಿಂದ ಎದ್ದು ಗಾಳಿಯಲ್ಲಿ ನಿಧಾನವಾಗಿ ತಿರುಗಿತು. ದಿನಾ ನಾವು ತರಕಾರಿ ಚೀಲ ಹಿಡಿದು ಹಾದುಹೋಗುತ್ತಿದ್ದ ದಾರಿಯ ಪಕ್ಕದಲ್ಲೇ ಇಷ್ಟು ದೊಡ್ಡದೊಂದು ಮಲಗಿತ್ತೇ? ತೊಳೆದು ನೋಡಿದಾಗ ಅಡಿಯಲ್ಲಿ ತುಕ್ಕು ತಿಂದು ಬಿದ್ದ ತೂತು ಕಂಡಿತು. ಸಾಸಿವೆ ಕಾಳು ಹೋಗಬಹುದಾದಷ್ಟು.

ಅಲ್ಲಿಗೆ ಮುಗಿಯಿತೆಂದುಕೊಂಡೆವು. ಲಕ್ಷ್ಮಮ್ಮನವರಿಗೆ ಅಲ್ಲಿಂದ ಶುರು. ಗುಂಡಿಯ ಮಣ್ಣು ಕಪ್ಪಾಗಿತ್ತು. ವಾಸನೆ ಬರುವ ಮಣ್ಣನ್ನೆಲ್ಲ ತೆಗೆಯಬೇಕೆಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಅಂಚಿನಲ್ಲಿ ನಿಂತು, ಮೇಲೆ ಬಂದ ಮಣ್ಣನ್ನು ಹಿಡಿ ಹಿಡಿಯಾಗಿ ಮೂಸುತ್ತಿದ್ದರು. ಗುಂಡಿ ಅವರ ಆಫೀಸಿನ ಗೋಡೆಯವರೆಗೆ ಬೆಳೆದಾಗ, ಗೋಡೆಯನ್ನೂ ಒಡೆಸಿದರು. ಬಾವಿಯ ನೀರನ್ನು ಪಂಪಿಟ್ಟು ಎತ್ತುವ ದಿನ ಯಾರೋ ಪೈಪನ್ನು ಮೋರಿಗೆ ಬಿಟ್ಟಿದ್ದರು. ಲಕ್ಷ್ಮಮ್ಮ ಓಡಿಬಂದು ಅದನ್ನು ಕೈಯಲ್ಲೆತ್ತಿ ಹಿಡಿದುಕೊಂಡರು. ಸೀರೆಯೆಲ್ಲ ಒದ್ದೆ.

"ಮೋರಿ ಎಲ್ಲೋಗತ್ತೆ? ಮುಂದೆ ಇನ್ಯಾರದೋ ಮನೆ, ಇನ್ಯಾವುದೋ ಕೆರೆ."

ಆ ಕೆಟ್ಟ ನೀರು, ಆ ಮಣ್ಣು, ಎಲ್ಲವನ್ನೂ ಡ್ರಮ್ಮುಗಳಲ್ಲಿ ತುಂಬಿಸಿ, ಶುದ್ಧಿ ಮಾಡುವ ವ್ಯವಸ್ಥೆಯಿದ್ದ ಕಡೆಗೇ ಸಾಗಿಸಬೇಕೆಂದು ಹಟ ಹಿಡಿದರು. ಮೊದಮೊದಲು ತಲೆ ಕೆರೆದುಕೊಂಡ ಅಧಿಕಾರಿ ಕೊನೆಗೆ ತಾವೇ ಲಾರಿ ತಂದರು. ಅವರ ಇಸ್ತ್ರಿ ಅಂಗಿಯ ತೋಳು ಆ ದಿನ ಮೊಣಕೈಗಿಂತ ಮೇಲಿತ್ತು. ಬಾವಿ ತುಂಬಿತು, ಬರಿದಾಯಿತು, ಮತ್ತೆ ತುಂಬಿತು. ಮಳೆಗಾಲಗಳು ಬಂದು ಹೋದವು. ಬಂಕು ಹೊಸ ಟ್ಯಾಂಕಿನೊಂದಿಗೆ ಮತ್ತೆ ತೆರೆದರೂ, ಲಕ್ಷ್ಮಮ್ಮ ಆಗಾಗ ನಮ್ಮ ಹಿತ್ತಿಲಿಗೆ ಬಂದು, ನೀರು ಸೇದಿ, ಮೂಸಿ, ತಲೆಯಾಡಿಸಿ ಹೋಗುತ್ತಿದ್ದರು.

ಹೊಸ ಶತಮಾನ ಶುರುವಾದ ಮೇಲೆ ಒಂದು ದಿನ, ನೀರನ್ನು ಪರೀಕ್ಷೆ ಮಾಡಿದವರು ಕುಡಿಯಬಹುದೆಂದರು. ಅಮ್ಮ ಬಾವಿಯ ನೀರಲ್ಲಿ ಕಾಫಿ ಮಾಡಿ ಲೋಟ ಹಿಡಿದು ಬಂಕಿಗೆ ಹೋದಳು. "ಮೊದ್ಲು ನೀವು ಕುಡೀರಿ," ಎಂದಳು. ಲಕ್ಷ್ಮಮ್ಮ ಲೋಟವನ್ನು ಮೂಗಿನ ಹತ್ತಿರ ತುಂಬ ಹೊತ್ತು ಹಿಡಿದಿದ್ದರು. ಕುಡಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು, ಕಣ್ಣನ್ನೂ.

ಇದೆಲ್ಲ ನೆನಪಾಗಿ ನಿನ್ನೆ ಮಲ್ಲೇಶ್ವರಕ್ಕೆ ಹೋಗಿದ್ದೆ. ಈಗ ಅವರು ಅಲ್ಲಿ ಮಗಳ ಜೊತೆ ಇದ್ದಾರೆ. ಇಷ್ಟು ವರ್ಷ ಎದೆಯಲ್ಲಿದ್ದ ಪ್ರಶ್ನೆ ಕೇಳಿಯೇಬಿಟ್ಟೆ: "ಆವತ್ತು ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?"

ಲಕ್ಷ್ಮಮ್ಮ ನಕ್ಕರು. "ಧೈರ್ಯ ಎಲ್ಲಿ ಬಂತು ಮೇಷ್ಟ್ರೇ! ಟ್ಯಾಂಕು ಮೇಲೆ ಏಳ್ತಿದ್ರೆ, ತೂತು ಇಲ್ದೇ ಇರ್ಲಪ್ಪಾ ಅಂತ ಕಂಡ ದೇವ್ರಿಗೆಲ್ಲಾ ಕೈ ಮುಗೀತಿದ್ದೆ. ಕಾಲು ನಡುಗ್ತಿತ್ತು. ಸೀರೆ ಉಟ್ಟಿದ್ನಲ್ಲ, ನಿಮ್ಗೆ ಕಾಣ್ಲಿಲ್ಲ ಅಷ್ಟೇ."

ಇಷ್ಟು ಕಾಲವೂ ನಾನು ಅವರನ್ನು ಭಯವೆಂಬುದನ್ನೇ ಅರಿಯದ ಒಂದು ಶಕ್ತಿಯೆಂದು ನೆನೆಯುತ್ತಿದ್ದೆ. ಶಕ್ತಿಯನ್ನು ದೂರದಿಂದ ನೋಡಿ ಬೆರಗಾಗುವುದು ಸುಲಭ. ನಮ್ಮಿಂದ ಏನೂ ಕೇಳುವುದಿಲ್ಲ ಅದು. ನಡುಗುವ ಕಾಲಿನ ಮನುಷ್ಯರು ಮಾಡಿದ್ದನ್ನು ನಾವೂ ಮಾಡಬಹುದಿತ್ತಲ್ಲ!

ಅವರ ಮನೆಯಿಂದ ಹೊರಬಿದ್ದು ಸಂಪಿಗೆ ರಸ್ತೆಗೆ ಬಂದೆ. ಎಂದಿನ ಜನ, ಎಂದಿನ ಗಲಾಟೆ. ಫುಟ್‌ಪಾತಿನ ಚಪ್ಪಡಿಗಳ ಮೇಲೆ, ಅಡಿಯಲ್ಲಿ ಹರಿಯುವ ನೀರನ್ನು ನೆನೆದು, ಯಾರದೋ ಮನೆಯ ಛಾವಣಿಯ ಮೇಲೆ ನಡೆಯುವವನಂತೆ, ಹಗುರವಾಗಿ ಹೆಜ್ಜೆ ಇಡುತ್ತ ನಡೆದೆ.